ಐದು ಜನರ ಚೀಟಿ, ಇಬ್ಬರ ಮನೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಓದುಗರ ಪತ್ರಗಳಲ್ಲಿ ಕಸದ ವಿಷಯಕ್ಕೆ ಬರಗಾಲವಿಲ್ಲ. ಗಾಡಿ ಬರಲಿಲ್ಲ, ಖಾಲಿ ಸೈಟಿನಲ್ಲಿ ಸುರಿಯುತ್ತಾರೆ, ನಾಯಿಗಳು ಎಳೆದಾಡುತ್ತವೆ, ಹೀಗೆ. ನಾನೂ ಹಿಂದೊಮ್ಮೆ ಅಂಥದ್ದೇ ಒಂದು ಬರೆದು ಕಳಿಸಿದ್ದೆ. ನೀವು ಹಾಕಲಿಲ್ಲ. ಹಾಕದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತಿದೆ. ಆ ಪತ್ರ ಬರೆದ ದಿನ ನಮ್ಮ ಮನೆಯಿಂದಲೇ ಎರಡು ಬಕೆಟ್ ತುಂಬ ಕಸ ಹೊರಗೆ ಹೋಗಿತ್ತು. ಮನೆಯಲ್ಲಿ ಇರುವುದು ನಾನು, ನನ್ನ ಹೆಂಡತಿ, ಇಬ್ಬರೇ.

ನಾನು ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು. ಈಗ ನಿವೃತ್ತ. ಮನೆ ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ನಮ್ಮ ಊರಿನವರಿಗೆ ಬಡಾವಣೆಯ ಹೆಸರು ಹೇಳಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ: ‘ಓ, ಸೂಯೆಜ್ ಫಾರ್ಮ್ ಹತ್ರಾನಾ?’ ಹೌದು, ಊರಿನ ಕಸವೆಲ್ಲ ಬಂದು ಬಿದ್ದು ಗುಡ್ಡವಾದ ಜಾಗದ ಹತ್ತಿರವೇ. ಮಳೆ ಬಂದು ಗಾಳಿ ನಮ್ಮ ಕಡೆ ತಿರುಗಿದರೆ ಕಿಟಕಿ ಹಾಕಿಕೊಳ್ಳುತ್ತೇವೆ. ಮೈಸೂರು 2016ರಲ್ಲಿ 73 ನಗರಗಳ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದಾಗ ನಾವೂ ಸಿಹಿ ಹಂಚಿದವರೇ. ಆ ದಿನವೂ ಸಂಜೆ ಕಿಟಕಿ ಹಾಕಿಕೊಂಡೇ ಇದ್ದೆವು. ಅದಿರಲಿ. ಆ ವಾಸನೆಯಲ್ಲಿ ನಮ್ಮ ಮನೆಯ ಪಾಲು ಎಷ್ಟು ಎಂದು ಯಾವತ್ತೂ ಯೋಚಿಸಿರಲಿಲ್ಲ. ಈ ಪತ್ರ ಅದರ ಬಗ್ಗೆ.

ಕಳೆದ ದಸರೆಯಲ್ಲಿ ಆಯುಧಪೂಜೆಗೆ ಮುಂಚೆ ಅಡುಗೆಮನೆ ತೊಳೆಯಲು ನಿಂತೆವು. ಹೆಂಡತಿ ಸ್ಟೂಲಿನ ಮೇಲೆ, ನಾನು ಕೆಳಗೆ. ಅವಳು ಒಂದೊಂದೇ ತೆಗೆದುಕೊಟ್ಟಳು, ನಾನು ಊಟದ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆ. ಹೆಸರುಬೇಳೆ ಮೂರು ಪೊಟ್ಟಣ, ಅದರಲ್ಲಿ ಒಂದರಲ್ಲಿ ಹುಳ. ಚಿರೋಟಿ ರವೆ ಎರಡು, ಎರಡರಲ್ಲೂ ಬಲೆ ಕಟ್ಟಿತ್ತು. ಟೊಮೆಟೊ ಸಾಸ್ ನಾಲ್ಕು ಬಾಟಲಿ, ಎರಡು ಕೊಂಡರೆ ಎರಡು ಫ್ರೀ ಎಂದು ತಂದದ್ದು, ಒಂದರ ಮುಚ್ಚಳವನ್ನೂ ತೆಗೆದಿಲ್ಲ. ಮಕ್ಕಳು ಕುಡಿಯುವ ಹಾಲಿನ ಪುಡಿ ಒಂದು ದೊಡ್ಡ ಡಬ್ಬ, ಒಳಗೆ ಇಟ್ಟಿಗೆಯ ಹಾಗೆ ಗಟ್ಟಿ. ನಮ್ಮ ಮಗನಿಗೆ ಈಗ 29. ಇವೆಲ್ಲ ಯಾರಿಗೆ ತಂದದ್ದು?

ಹೆಂಡತಿ ಸ್ಟೂಲಿನಿಂದ ಇಳಿದು, ಕ್ಯಾಲೆಂಡರಿನ ಹಿಂದೆ ಕ್ಲಿಪ್ಪಿಗೆ ಸಿಕ್ಕಿಸಿದ್ದ ದಿನಸಿ ಚೀಟಿ ತಂದು ತೋರಿಸಿದಳು. ಅದು ಒಂದು ನೋಟ್‌ಬುಕ್ಕಿನ ಹಾಳೆ. ಮಡಿಕೆಯಲ್ಲಿ ಹರಿದು, ಸೆಲ್ಲೋಟೇಪ್ ಹಚ್ಚಿ, ಅದೂ ಹಳದಿಯಾಗಿದೆ. ಪ್ರತಿ ತಿಂಗಳು ಅದನ್ನು ನೋಡಿಕೊಂಡು ಹೊಸ ಚೀಟಿ ಬರೆಯುವುದು ಅವಳ ಪದ್ಧತಿ. ತೊಗರಿಬೇಳೆ 3 ಕೆ.ಜಿ., ಸಕ್ಕರೆ 4 ಕೆ.ಜಿ., ಹೆಸರುಬೇಳೆ 1, ಕಡಲೆಬೇಳೆ 1, ಹುರಿಗಡಲೆ ಅರ್ಧ, ತೆಳು ಅವಲಕ್ಕಿ ಅರ್ಧ… ಮೂಲೆಯಲ್ಲಿ ತಾರೀಖು ಇತ್ತು, 2006. ಆಗ ನಾವು ಐದು ಜನ. ಅಮ್ಮ ಇದ್ದರು, ಮಗಳು ಇದ್ದಳು, ಮಗ ಇದ್ದ. ಅಮ್ಮ ತೀರಿಕೊಂಡು ಎಂಟು ವರ್ಷವಾಯಿತು. ಮಗಳನ್ನು ಹಾಸನಕ್ಕೆ ಕೊಟ್ಟಿದ್ದೇವೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಒಬ್ಬೊಬ್ಬರೇ ಇಳಿದುಹೋದರು, ಚೀಟಿಯಲ್ಲಿ ಮಾತ್ರ ಎಲ್ಲರಿಗೂ ಟಿಕೆಟ್ ಹರಿಯುತ್ತಲೇ ಇದ್ದೆವು.

ಕಂಡಕ್ಟರ್ ಆದವನಿಗೆ ಇದಕ್ಕಿಂತ ಅವಮಾನ ಇಲ್ಲ. ನಮ್ಮಲ್ಲಿ ಸ್ಟೇಜ್ ಕ್ಲೋಸ್ ಮಾಡುವುದು ಅಂತ ಇದೆ. ಒಂದು ಸ್ಟೇಜ್ ದಾಟಿದ ಕೂಡಲೇ ಎಷ್ಟು ಜನ ಹತ್ತಿದರು, ಎಷ್ಟು ಟಿಕೆಟ್ ಹೋಯಿತು ಎಂದು ವೇಬಿಲ್ಲಿನಲ್ಲಿ, ಅಂದರೆ ಟಿಕೆಟ್ ಲೆಕ್ಕದ ಹಾಳೆಯಲ್ಲಿ, ಬರೆಯಬೇಕು. ಬರೆಯದೆ ಮುಂದೆ ಹೋದರೆ, ಚೆಕಿಂಗ್‌ನವರು ಹತ್ತಿದಾಗ ಗತಿ ಇಲ್ಲ. ಮನೆಯ ಲೆಕ್ಕದಲ್ಲಿ ನಾನು ಹತ್ತೊಂಬತ್ತು ವರ್ಷ ಸ್ಟೇಜ್ ಕ್ಲೋಸ್ ಮಾಡಿರಲಿಲ್ಲ.

ಹಾಗಾಗಿ ಕಾರ್ತಿಕ ಮಾಸದಲ್ಲಿ ಮೂವತ್ತು ದಿನ ಒಂದು ಕೆಲಸ ಮಾಡಿದೆ. ಮಗ ವಿಮಾನಕ್ಕೆ ಹೋಗುವಾಗ ಸೂಟ್‌ಕೇಸ್ ತೂಗಲು ತಂದಿದ್ದ ಕೊಕ್ಕೆ ತಕ್ಕಡಿ ಮನೆಯಲ್ಲಿ ಸುಮ್ನೆ ಬಿದ್ದಿತ್ತು. ಬೆಳಿಗ್ಗೆ ಕಸದ ಗಾಡಿಯ ಹಾಡು ಬೀದಿ ತುದಿಯಲ್ಲಿ ಕೇಳಿಸಿದಾಗ ಬಕೆಟ್ಟನ್ನು ಆ ಕೊಕ್ಕೆಗೆ ಸಿಕ್ಕಿಸಿ ತೂಗಿ, ಒಂದು ಹಳೆಯ ಡೈರಿಯಲ್ಲಿ ಬರೆಯುವುದು. ಹಸಿ ಕಸ ಎಷ್ಟು, ಅದರಲ್ಲಿ ಸಿಪ್ಪೆ, ನಾರು, ಕಾಫಿ ಚರಟ ಎಷ್ಟು, ತಿನ್ನಬಹುದಾಗಿದ್ದು ಎಷ್ಟು. ಒಣ ಕಸದಲ್ಲಿ ಕವರು ಎಷ್ಟು. ಹೆಂಡತಿ ಮೊದಲ ವಾರ ನಕ್ಕಳು. ಎರಡನೇ ವಾರ ಪಕ್ಕದ ಮನೆಯವರಿಗೂ ಹೇಳಿ ನಕ್ಕಳು. ಮೂರನೇ ವಾರ ಅವಳೇ, ‘ಇವತ್ತಿನ ಅರ್ಧ ಹೋಳು ಕಾಯಿ ಬರ್ಕೊಂಡ್ರಾ?’ ಎಂದು ಕೇಳತೊಡಗಿದಳು.

ಲೆಕ್ಕ ಹೀಗೆ ಬಂತು. ಮೂವತ್ತು ದಿನಕ್ಕೆ ಹಸಿ ಕಸ 14 ಕೆ.ಜಿ. 200 ಗ್ರಾಂ. ಅದರಲ್ಲಿ 5 ಕೆ.ಜಿ. 200 ಗ್ರಾಂ ತಿನ್ನುವ ವಸ್ತು. ಹಾಲಿನ ಕವರು 60. ಬೇರೆ ಕವರು, ಪೊಟ್ಟಣ, ಸ್ಯಾಶೆ ಎಲ್ಲ ಸೇರಿ 117.

ಇದನ್ನು ಫೋನಿನಲ್ಲಿ ಮಗಳಿಗೆ ಓದಿ ಹೇಳಿದೆ. ಅವಳು ಶಾಲೆಯಲ್ಲಿ ಟೀಚರ್. ವಿಶ್ವಸಂಸ್ಥೆಯ ಪರಿಸರ ವಿಭಾಗದವರು 2024ರಲ್ಲಿ ಒಂದು ವರದಿ ತಂದಿದ್ದಾರೆ, ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಆಹಾರ ಕಸವಾಗುತ್ತದಂತೆ, ಸಿಪ್ಪೆ ಬೀಜ ಎಲ್ಲ ಸೇರಿ, ಅಂದಳು. ಕೂಡಲೇ ಲೆಕ್ಕ ಹಾಕಿದೆ. ಇಬ್ಬರಿಗೆ ವರ್ಷಕ್ಕೆ 110, ತಿಂಗಳಿಗೆ 9 ಕೆ.ಜಿ. ಚಿಲ್ಲರೆ. ನಮ್ಮದು 14. ನಾನು ಹುಟ್ಟಿದ್ದು ನಂಜನಗೂಡು ಕಡೆಯ ಹಳ್ಳಿಯಲ್ಲಿ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಅಪ್ಪ ಎದ್ದು ಹೋಗಲು ಬಿಡುತ್ತಿರಲಿಲ್ಲ. ಇಂದಿಗೂ ತಟ್ಟೆಯಲ್ಲಿ ನಾನು ಏನೂ ಬಿಡುವುದಿಲ್ಲ. ಆದರೂ ದೇಶದ ಸರಾಸರಿಗಿಂತ ಒಂದೂವರೆ ಪಟ್ಟು! ತಟ್ಟೆಯಲ್ಲಿ ಬಿಡದಿದ್ದದ್ದು ಫ್ರಿಜ್ಜಿನಲ್ಲಿ ಬಿಟ್ಟಿತ್ತು.

ಡೈರಿಯಲ್ಲಿ ಅತಿ ಹೆಚ್ಚು ಸಲ ಬಂದ ಹೆಸರು ಯಾವುದು ಗೊತ್ತೇ? ಕೊತ್ತಂಬರಿ ಸೊಪ್ಪು. ಮೂವತ್ತು ದಿನದಲ್ಲಿ ಹನ್ನೊಂದು ಸಲ. ಒಂದು ಕಟ್ಟು ತಂದರೆ ಇಬ್ಬರ ಸಾರಿಗೆ ಹಿಡಿಯುವುದು ನಾಲ್ಕು ಕಡ್ಡಿ. ಉಳಿದದ್ದು ಕವರಿನೊಳಗೇ ಬೆವೆತು, ಕಪ್ಪಾಗಿ, ಲೋಳೆಯಾಗುತ್ತದೆ. ಅದನ್ನು ಎಸೆಯುವಾಗ ಕವರು ಸಮೇತ ಎಸೆಯುತ್ತೇವೆ, ಯಾಕೆಂದರೆ ಮುಟ್ಟಲು ಅಸಹ್ಯ. ಅಲ್ಲಿಗೆ ಹಸಿ ಕಸವೂ ಹಾಳು, ಒಣ ಕಸವೂ ಹಾಳು. ಗಾಡಿಯ ಹೆಣ್ಣುಮಗಳು ಅದನ್ನು ಬರಿಗೈಯಲ್ಲಿ ಬಿಡಿಸುವುದನ್ನು ಒಂದು ದಿನ ನಿಂತು ನೋಡಿದೆ. ಅವತ್ತು ತೂಕ ಬರೆಯಲು ಮನಸ್ಸಾಗಲಿಲ್ಲ.

ಸರಿ, ಕೊತ್ತಂಬರಿಯಿಂದಲೇ ಶುರು ಮಾಡೋಣ ಎಂದು ದೇವರಾಜ ಮಾರುಕಟ್ಟೆಗೆ ಹೋದೆ. ನೂರು ವರ್ಷ ದಾಟಿದ ಮಾರ್ಕೆಟ್ಟು. 2016ರಲ್ಲಿ ಒಂದು ಭಾಗ ಕುಸಿದ ಮೇಲೆ ಕೆಡವಬೇಕೋ ಉಳಿಸಬೇಕೋ ಎಂದು ವರ್ಷಗಟ್ಟಲೆ ಜಗ್ಗಾಡಿದರು. ಒಳಗಿನ ವ್ಯಾಪಾರ ಮಾತ್ರ ನಿಂತಿಲ್ಲ. ನಾವು ಮೊದಲಿನಿಂದ ಸೊಪ್ಪು ಕೊಳ್ಳುವ ಅಮ್ಮನ ಹತ್ತಿರ, ‘ಅರ್ಧ ಕಟ್ಟು ಕೊಡಮ್ಮ’ ಅಂದೆ.

‘ಅರ್ಧ ಕಟ್ಟಾ? ಉಳಿದ ಅರ್ಧ ನಾನೇನ್ ಮಾಡ್ಲಿ ಸ್ವಾಮಿ, ತಲೆಗೆ ಮುಡ್ಕೊಳ್ಲಾ?’

ಅವಳು ಹೇಳಿದ್ದೂ ಸರಿಯೇ. ಬಿಚ್ಚಿದ ಕಟ್ಟು ಸಂಜೆಗೆ ಬಾಡುತ್ತದೆ. ನನ್ನ ಮನೆಯ ಕಸ ಅವಳ ಬುಟ್ಟಿಗೆ ವರ್ಗವಾಗುತ್ತದೆ, ಅಷ್ಟೇ. ನಾನು ಪೆಚ್ಚಾಗಿ ನಿಂತಿದ್ದೆ. ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದ ಇನ್ನೊಬ್ಬ ಹೆಂಗಸು, ‘ಉಳಿದದ್ದು ನನಗೆ ಕೊಡಿ, ನಮ್ಮನೇಲೂ ಇಬ್ಬರೇ’ ಅಂದರು. ಐದೈದು ರೂಪಾಯಿ ಹಾಕಿ ಒಂದು ಕಟ್ಟು ಹಂಚಿಕೊಂಡೆವು. ಸೊಪ್ಪಿನಮ್ಮ ಇಬ್ಬರನ್ನೂ ನೋಡಿ, ‘ಇನ್ನು ಈರುಳ್ಳಿ ಸಿಪ್ಪೆ ಬಿಡಿಸಿ ಕೊಡು ಅಂತೀರಾ’ ಎಂದಳು. ಅಂದು, ಕೊಸರು ಎಂದು ಒಂದು ಹಿಡಿ ಕರಿಬೇವು ನನ್ನ ಚೀಲಕ್ಕೆ ತುರುಕಿದಳು.

ಈ ಕೊಸರಿನ ಕಥೆ ಬೇರೆಯೇ ಇದೆ. ಕೊಸರು ಬೇಡ ಎನ್ನುವುದು ನಮ್ಮ ಕಡೆ ಮರ್ಯಾದೆ ಅಲ್ಲ. ವ್ಯಾಪಾರಿಗೆ ಮುನಿಸು ಬರುತ್ತದೆ, ನಮಗೂ ಬಿಡಲು ಮನಸ್ಸಿಲ್ಲ. ಪುಕ್ಕಟೆ ಬಂದದ್ದಲ್ವಾ! ಆದರೆ ಮನೆಯಲ್ಲಿ ಕುಂಡದಲ್ಲೇ ಕರಿಬೇವಿನ ಗಿಡ ಇದೆ. ಮೂರು ವರ್ಷದಿಂದ ಇದೆ. ಕೊಸರಿನ ಕರಿಬೇವು ಮುಗಿಯುವವರೆಗೆ ಗಿಡದ್ದು ಕೀಳುವ ಹಾಗಿಲ್ಲ, ಕೊಸರು ಯಾವತ್ತೂ ಮುಗಿಯುವುದಿಲ್ಲ. ಕೊನೆಗೆ ಸೊಪ್ಪಿನಮ್ಮನಿಗೆ ನಿಜ ಹೇಳಿದೆ. ಈಗ ಅವಳು ಕೊಸರಿಗೆ ಒಂದು ಹಸಿಮೆಣಸಿನಕಾಯಿ ಹಾಕುತ್ತಾಳೆ. ಒಂದೇ ಒಂದು. ನಗುತ್ತಾ ಹಾಕುತ್ತಾಳೆ.

ಎಲ್ಲ ವಾರವೂ ಪಾಲುದಾರರು ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ. ಹಾಗಾಗಿ ಪಕ್ಕದ ಮನೆಯವರ ಜೊತೆ ಒಪ್ಪಂದವಾಗಿದೆ. ಮಂಗಳವಾರ ನಾವು ಸೊಪ್ಪು ತರುವುದು, ಶುಕ್ರವಾರ ಅವರು. ತಂದದ್ದು ಅರ್ಧರ್ಧ. ಸೊಪ್ಪನ್ನು ಕವರಿನಿಂದ ತೆಗೆದು, ಬೇರು ಕತ್ತರಿಸಿ, ಒಣಬಟ್ಟೆಯಲ್ಲಿ ಸುತ್ತಿ ಇಟ್ಟರೆ ವಾರ ಬರುತ್ತದೆ. ಇದನ್ನು ನನ್ನ ಅಮ್ಮ ಮಾಡುತ್ತಿದ್ದರು. ಫ್ರಿಜ್ಜು ಬಂದ ಮೇಲೆ ನಾವು ಬಿಟ್ಟಿದ್ದೆವು, ಫ್ರಿಜ್ಜು ಇದೆಯಲ್ಲ ಎಂದು.

ಇನ್ನು ಕವರಿನ ವಿಷಯ. ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೊಂದು ದೊಡ್ಡ ಕವರು, ಆ ಕವರಿನೊಳಗೆ ಕವರುಗಳು. ಇದು ಇಲ್ಲದ ಮನೆ ಕರ್ನಾಟಕದಲ್ಲಿ ಇದ್ದರೆ ಹೇಳಿ. ನಾನು ಕೆಳಗೆ ಸುರಿದು ಎಣಿಸಿದೆ. 143. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. ಆಮೇಲೆ ಕೇಂದ್ರದವರು 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾ ಎಲ್ಲ ಬೇಡ ಎಂದರು. ಅದೇ ವರ್ಷದ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳು ಇರುವ ಕೈಚೀಲವೂ ಇಲ್ಲ. ಕಾನೂನು ಇಷ್ಟೆಲ್ಲ ಇದೆ. ನನ್ನ ಮೊಳೆಯ ಮೇಲೆ 143 ಇವೆ. ಕೊಟ್ಟವರನ್ನು ಬಯ್ಯೋಣ ಎಂದರೆ, ಕೈ ಚಾಚಿ ತೆಗೆದುಕೊಂಡವನು ನಾನೇ.

ಅದರಲ್ಲಿ ಸುಮಾರು ನಲವತ್ತು ಬಟ್ಟೆ ಚೀಲಗಳು ಇದ್ದವು. ಅಂದರೆ ಬಟ್ಟೆ ಎಂದು ನಾವು ತಿಳಿದುಕೊಂಡಿದ್ದವು. ಮದುವೆ ಮನೆಯಲ್ಲಿ ತಾಂಬೂಲ ಹಾಕಿ ಕೊಡುತ್ತಾರಲ್ಲ, ಬಣ್ಣಬಣ್ಣದ್ದು, ವಧೂವರರ ಹೆಸರು ಅಚ್ಚು ಹಾಕಿದ್ದು, ಅಂಥವು. ಪೂಜೆ ಮಾಡುವಾಗ ಒಂದು ದಿನ ಊದುಬತ್ತಿಯ ಕಿಡಿ ಅಂಥ ಚೀಲಕ್ಕೆ ತಗುಲಿತು. ಬಟ್ಟೆಯಾಗಿದ್ದರೆ ಕರಕಲಾಗಿ ಬೂದಿಯಾಗಬೇಕಿತ್ತು. ಇದು ಸುರುಟಿಕೊಂಡು ಕರಗಿ, ಅಂಚಿನಲ್ಲಿ ಗಟ್ಟಿ ಗುಂಡು ಕಟ್ಟಿ, ದುಂಡಗೆ ತೂತಾಯಿತು. ಪ್ಲಾಸ್ಟಿಕ್ ವಾಸನೆ. ನಾನ್ ವೋವನ್ ಎಂದು ಕರೆಯುವ ಈ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದೇ ಎಂದು ಮಗಳು ಹೇಳಿದಳು. ಬೇಕಿದ್ದರೆ ನಿಮ್ಮ ಮನೆಯ ಚೀಲದ ಒಂದು ದಾರ ಎಳೆದು ನೋಡಿ. ಬಟ್ಟೆಯಾದರೆ ಎಳೆ ಬರುತ್ತದೆ. ಇದರಲ್ಲಿ ಎಳೆಯೇ ಇಲ್ಲ.

ಈಗ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಚೀಲ ಸದಾ ಇರುತ್ತವೆ. ಎರಡೂ ನನ್ನ ಹಳೆಯ ಖಾಕಿ ಪ್ಯಾಂಟಿನಿಂದ ಹೊಲಿಸಿದ್ದು. ಕಾಲಿನ ಭಾಗ ಹಾಗೆಯೇ ಚೀಲವಾಗುತ್ತದೆ, ತಳ ಒಂದು ಹೊಲಿದರೆ ಮುಗಿಯಿತು. ಒಂದರಲ್ಲಿ ಜೇಬೂ ಉಳಿದಿದೆ. ಚೀಟಿ, ಚಿಲ್ಲರೆ ಇಡಲು ಅನುಕೂಲ.

ದಿನಸಿಗೆ ಬರುತ್ತೇನೆ. ಹಿಂದೆ ಶೆಟ್ಟರ ಅಂಗಡಿಯಲ್ಲಿ ಹಳೆ ಪೇಪರಿನ ಪೊಟ್ಟಣ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದರು. ದಾರವನ್ನು ಅಮ್ಮ ಉಂಡೆ ಸುತ್ತಿ ಇಡುತ್ತಿದ್ದರು, ಪೇಪರನ್ನು ನಾನು ಓದುತ್ತಿದ್ದೆ. ನನ್ನ ಸಾಮಾನ್ಯ ಜ್ಞಾನದಲ್ಲಿ ಅರ್ಧ ಬಂದದ್ದು ಬೋಂಡ ಕಟ್ಟಿದ ಪೇಪರುಗಳಿಂದ. ಈಗ ಅದಕ್ಕೂ ದಾರಿಯಿಲ್ಲ, ಅಚ್ಚಿನ ಮಸಿ ತಿಂಡಿಗೆ ಹತ್ತುತ್ತದೆ ಎಂದು ಆಹಾರ ಸುರಕ್ಷತೆಯವರು ಬೇಡ ಎಂದಿದ್ದಾರೆ. ನಿಮಗೆ ಬೇಸರ ಬೇಡ ಸಂಪಾದಕರೇ, ಓದಲಿಕ್ಕೆ ಅಡ್ಡಿಯಿಲ್ಲ.

ಹಾಗಾಗಿ ಡಬ್ಬಗಳನ್ನೇ ಎತ್ತಿಕೊಂಡು ಹೊರಟೆ. ತೊಗರಿಬೇಳೆಗೆ ಒಂದು, ಸಕ್ಕರೆಗೆ ಒಂದು, ಒಣಮೆಣಸಿನಕಾಯಿಗೆ ಒಂದು ಬಟ್ಟೆ ಚೀಲ. ಮೊದಲು ಹೋದ ದೊಡ್ಡ ಅಂಗಡಿಯಲ್ಲಿ ಆಗುವುದಿಲ್ಲ ಎಂದರು. ಅವರ ಕವರಿಗೆ ಹಾಕಿ ಸ್ಟಿಕ್ಕರ್ ಹಚ್ಚಿದರೆ ಮಾತ್ರ ಬಿಲ್ಲು ಆಗುವುದಂತೆ. ‘ಬೇಕಾದರೆ ಮನೆಗೆ ಹೋಗಿ ಡಬ್ಬಕ್ಕೆ ಸುರ್ಕೊಳ್ಳಿ ಅಂಕಲ್’ ಎಂದ ಆ ಹುಡುಗ. ಅವನ ತಪ್ಪಿಲ್ಲ. ನಮ್ಮ ಬೀದಿಯ ಸಣ್ಣ ಅಂಗಡಿಯಾತ ಮಾತ್ರ ಎರಡು ಮಾತಾಡದೆ ಖಾಲಿ ಡಬ್ಬವನ್ನು ತಕ್ಕಡಿ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಬೇಳೆ ಸುರಿದ. ಕಂಡಕ್ಟರ್ ಕಣ್ಣಲ್ಲವೇ, ಅಂಕಿ ನೋಡುತ್ತಲೇ ಇದ್ದೆ. ಸರಿಯಾಗಿ 750 ಗ್ರಾಂ. ಎಷ್ಟು ಬೇಕೋ ಅಷ್ಟೇ ಕೇಳಬಹುದು, ಅದೇ ಡಬ್ಬದ ದೊಡ್ಡ ಲಾಭ. ಪೊಟ್ಟಣದಲ್ಲಿ ಅರ್ಧ ಇಲ್ಲ ಒಂದು. ಮುಕ್ಕಾಲು ಇಲ್ಲವೇ ಇಲ್ಲ.

ಪೊಟ್ಟಣದಲ್ಲೇ ಕೊಳ್ಳಬೇಕಾದದ್ದೂ ಇರುತ್ತದೆ. ಅಂಥ ಕಡೆ ಒಂದು ಸಣ್ಣ ಅಕ್ಷರ ನೋಡುವುದನ್ನು ಕಲಿತಿದ್ದೇನೆ. ಗರಿಷ್ಠ ಬೆಲೆಯ ಪಕ್ಕದಲ್ಲೇ ಈಗ ಯುಎಸ್‌ಪಿ ಎಂದು ಇರುತ್ತದೆ. ಅಂದರೆ ಒಂದು ಗ್ರಾಂಗೋ ಒಂದು ಮಿಲಿಗೋ ಎಷ್ಟು ಬಿತ್ತು ಎಂಬ ಲೆಕ್ಕ. ತೂಕ ಮತ್ತು ಅಳತೆ ನಿಯಮದ ಪ್ರಕಾರ ಇದನ್ನು ಹಾಕಬೇಕು. ದೊಡ್ಡ ಪ್ಯಾಕೆಟ್ ಎಂದರೆ ಸೋವಿ ಎಂದು ನಾವು ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತೇವೆ. ಕನ್ನಡಕ ಹಾಕಿಕೊಂಡು ನೋಡಿದರೆ ಕೆಲವು ಸಲ ಸಣ್ಣದೇ ಸೋವಿ, ಇಲ್ಲವೇ ಎರಡೂ ಒಂದೇ. ಇನ್ನು ಕೆಲವು ಸಲ ದೊಡ್ಡದು ನಿಜವಾಗಿಯೂ ಸೋವಿಯೇ, ಆದರೆ ಅರ್ಧ ಹುಳಕ್ಕೆ ಹೋದರೆ ಆ ಸೋವಿ ಯಾರಿಗೆ? ನಾಲ್ಕು ಸಾಸ್ ಬಾಟಲಿ ಈಗಲೂ ಇವೆ. ಯಾರಿಗಾದರೂ ಬೇಕಿದ್ದರೆ ಬರಲಿ.

ತಾರೀಖಿನ ಬಗ್ಗೆಯೂ ಒಂದು ಮಾತು. ಬೆಸ್ಟ್ ಬಿಫೋರ್ ದಿನ ದಾಟಿತು ಎಂದರೆ ವಿಷವಾಯಿತು ಎಂದು ನಾನು ತಿಳಿದಿದ್ದೆ. ದಸರೆಯ ದಿನ ಹುಳ ಹಿಡಿಯದ ಒಂದು ಹೆಸರುಬೇಳೆ ಪೊಟ್ಟಣವನ್ನೂ, ಹತ್ತು ದಿನ ದಾಟಿದೆ ಎಂದು ಎಸೆದುಬಿಟ್ಟೆ. ಅದು ರುಚಿ, ಘಮ, ಗರಿಗರಿ ಇವುಗಳ ಲೆಕ್ಕವಂತೆ. ಆ ದಿನದವರೆಗೆ ಚೆನ್ನಾಗಿರುತ್ತದೆ, ಆಮೇಲೆ ಸ್ವಲ್ಪ ಕಡಿಮೆಯಾಗಬಹುದು ಎಂದು. ಯೂಸ್ ಬೈ, ಎಕ್ಸ್‌ಪೈರಿ ಎಂದು ಇದ್ದರೆ ಮಾತ್ರ ಆ ದಿನ ದಾಟಿದ ಮೇಲೆ ಮುಟ್ಟಬಾರದು. ಎರಡರ ನಡುವೆ ಇಷ್ಟು ವ್ಯತ್ಯಾಸ ಇದೆ ಎಂದು ಅರವತ್ತು ದಾಟಿದ ಮೇಲೆ ಗೊತ್ತಾಯಿತು. ಪೊಟ್ಟಣದ ಮೇಲೆ ಇದನ್ನು ಕನ್ನಡದಲ್ಲಿ, ಓದುವಷ್ಟು ದಪ್ಪ ಅಕ್ಷರದಲ್ಲಿ ಹಾಕಿದರೆ ಎಷ್ಟು ಬೇಳೆ ಉಳಿಯುತ್ತಿತ್ತೋ.

ನನಗೆ ಎಲ್ಲಕ್ಕಿಂತ ಜಾಸ್ತಿ ಪಾಠ ಹೇಳಿದವನು ಗುಜರಿಯವನು. ತಳ್ಳುಗಾಡಿಯಲ್ಲಿ ತಿಂಗಳಿಗೊಮ್ಮೆ ಬರುತ್ತಾನೆ. ಒಣ ಕಸದ ಮೂಟೆಯನ್ನು ಅವನ ಮುಂದೆ ಸುರಿದೆ. ಪೇಪರು, ರಟ್ಟು, ಎಣ್ಣೆ ಬಾಟಲಿ, ಟಿನ್ನು ಎಲ್ಲ ಬೇಕು ಎಂದ. ತೊಳೆದು ಒಣಗಿಸಿದ ಹಾಲಿನ ಕವರಿಗೂ ದುಡ್ಡು ಕೊಟ್ಟ. ಬಿಸ್ಕತ್ತಿನ ಹೊಳೆಯುವ ಹೊದಿಕೆ, ಚಿಪ್ಸ್ ಪ್ಯಾಕೆಟ್ಟು, ಮಸಾಲೆ ಮತ್ತು ಶಾಂಪೂ ಸ್ಯಾಶೆ, ಟೂತ್‌ಪೇಸ್ಟ್ ಟ್ಯೂಬು, ಥರ್ಮೋಕೋಲು ಇವನ್ನೆಲ್ಲ ಕಾಲಿನಿಂದ ಪಕ್ಕಕ್ಕೆ ತಳ್ಳಿದ. ‘ಇದು ನಡೆಯಲ್ಲ ಸಾರ್, ಇದನ್ನ ಯಾರೂ ತಗೊಳ್ಳಲ್ಲ’. ಯಾಕೆಂದರೆ ಹೊಳೆಯುವ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ಕು, ಅಲ್ಯುಮಿನಿಯಂ ಪದರ ಪದರವಾಗಿ ಅಂಟಿಕೊಂಡಿರುತ್ತವೆ, ಬಿಡಿಸಲು ಬರುವುದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಮನೆ ಹಿಂದಿನ ಗುಡ್ಡಕ್ಕೆ.

ಅಂದಿನಿಂದ ಅಂಗಡಿಯಲ್ಲಿ ಏನು ಎತ್ತಿಕೊಂಡರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರ ಹೊದಿಕೆಯನ್ನು ಗುಜರಿಯವನು ತೆಗೆದುಕೊಳ್ಳುತ್ತಾನೋ ಇಲ್ಲವೋ? ಇಲ್ಲ ಎಂದಾದರೆ ಇನ್ನೊಂದು ಸಲ ಯೋಚನೆ. ಬೇಕರಿಯಿಂದ ಡಬ್ಬದಲ್ಲಿ ಬಿಸ್ಕತ್ತು ತರುತ್ತೇವೆ. ಶಾಂಪೂ ವಿಷಯದಲ್ಲಿ ಹೆಂಡತಿ ಒಪ್ಪಿಲ್ಲ. ಸ್ಯಾಶೆ ಸೋವಿ, ಲೆಕ್ಕ ಹಾಕಿ ನೋಡಿ ಎನ್ನುತ್ತಾಳೆ. ಹಾಕಿದೆ, ನಿಜವಾಗಿಯೂ ಸೋವಿ. ಆ ಚರ್ಚೆ ಮುಂದುವರಿದಿದೆ.

ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್ ಬದಲು ಒಂದು ಲೀಟರಿನದು ಒಂದೇ ತೆಗೆದುಕೊಳ್ಳತೊಡಗಿದ್ದೇವೆ. ತಿಂಗಳಿಗೆ ಮೂವತ್ತು ಕವರು ಉಳಿಯಿತು. ಯಾಕೆ ಇಷ್ಟು ವರ್ಷ ಎರಡು ತೆಗೆದುಕೊಳ್ಳುತ್ತಿದ್ದೆವು ಎಂದು ಕೇಳಿದರೆ ಇಬ್ಬರ ಬಳಿಯೂ ಉತ್ತರವಿಲ್ಲ. ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆ ಮಾಡದೆ ನೇತಾಡಲು ಬಿಡಬೇಕು. ಬೇರೆಯಾದರೆ ಆ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ.

ತಪ್ಪು ಮಾಡಲಿಲ್ಲವೆಂದಲ್ಲ. ಕವರು ಉಳಿಸುವ ಹುಮ್ಮಸ್ಸಿನಲ್ಲಿ 25 ಕೆ.ಜಿ. ಅಕ್ಕಿ ಮೂಟೆ ತಂದೆ. ಇಬ್ಬರು ಎಷ್ಟು ಉಣ್ಣುತ್ತೇವೆ? ನನಗೆ ಸಕ್ಕರೆ ಕಾಯಿಲೆ, ರಾತ್ರಿ ರಾಗಿಮುದ್ದೆ. ಎರಡನೇ ತಿಂಗಳಿಗೆ ನುಸಿ. ಬೇವಿನ ಸೊಪ್ಪು ಹಾಕಿ, ಮೊರದಲ್ಲಿ ಹಾಕಿ, ಬಿಸಿಲಿಗೆ ಹರವಿ, ಒಂದು ಭಾನುವಾರ ಪೂರ್ತಿ ಟೆರೇಸಿನ ಮೇಲೆ ಕಾಗೆ ಕಾದೆ. ಹೆಂಡತಿ ಕೆಳಗಿನಿಂದ, ‘ವೇಬಿಲ್ಲಲ್ಲಿ ಇದನ್ನ ಯಾವ ಸ್ಟೇಜಿಗೆ ಬರೀತೀರಿ?’ ಎಂದು ಕೂಗಿದಳು.

ಇನ್ನೊಂದು ಪೀಡೆ ನಮ್ಮ ಮಗನ ಪ್ರೀತಿ. ಅವನು ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ಒತ್ತುತ್ತಾನೆ, ಹತ್ತು ಹದಿನೈದು ನಿಮಿಷಕ್ಕೆ ನಮ್ಮ ಬಾಗಿಲು ಬಡಿಯುತ್ತಾರೆ. ಒಂದು ಸಲ ಅಮ್ಮನಿಗೆ ಜ್ವರ ಎಂದು ಎರಡು ನಿಂಬೆಹಣ್ಣು, ಒಂದು ತುಂಡು ಶುಂಠಿ ಕಳಿಸಿದ. ನಿಂಬೆಹಣ್ಣಿಗೆ ಒಂದು ಬಲೆ ಚೀಲ, ಶುಂಠಿಗೆ ಒಂದು ಥರ್ಮೋಕೋಲ್ ತಟ್ಟೆ, ಅದರ ಮೇಲೆ ಅಂಟು ಹಾಳೆ, ಎಲ್ಲ ಸೇರಿ ಒಂದು ದೊಡ್ಡ ಕಾಗದದ ಚೀಲ, ಮೇಲೊಂದು ಸ್ಟಿಕ್ಕರ್. ಮಗನಿಗೆ ಬೈಯುವ ಹಾಗೂ ಇಲ್ಲ. ಈಗ ಅವನಿಗೆ ಒಂದು ನಿಯಮ ಹಾಕಿದ್ದೇವೆ. ಜ್ವರ ಬಂದರೆ ಫೋನ್ ಮಾಡು, ನಿಂಬೆಹಣ್ಣು ಪಕ್ಕದ ಮನೆಯವರು ಕೊಡುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಮೂವತ್ತು ದಿನ ತೂಗಿದೆ. ಹಸಿ ಕಸ 9 ಕೆ.ಜಿ. 400 ಗ್ರಾಂ. ತಿನ್ನಬಹುದಾದದ್ದು 1 ಕೆ.ಜಿ. 100 ಗ್ರಾಂ, ಅದರಲ್ಲಿ ಮುಕ್ಕಾಲು ಪಾಲು ಹಬ್ಬದ ನೆಂಟರು ಬಿಟ್ಟುಹೋದ ಬಾಳೆಹಣ್ಣು. ಹಾಲಿನ ಕವರು 30, ಬೇರೆ ಕವರು 58. ಅಂಗಡಿ ಬಿಲ್ಲು ತಿಂಗಳಿಗೆ 900 ರೂಪಾಯಿಯಷ್ಟು ಇಳಿದಿದೆ. ದೊಡ್ಡ ಸಾಧನೆ ಏನಲ್ಲ. ದೇಶದ ಸರಾಸರಿಗೆ ಬಂದು ನಿಂತೆ, ಅಷ್ಟೇ. ಆದರೂ ಎರಡು ಬಕೆಟ್ ಹಿಡಿದು ಗೇಟಿಗೆ ಓಡುತ್ತಿದ್ದವನು ಈಗ ಒಂದನ್ನೇ, ಅದೂ ಅರ್ಧ ತುಂಬಿದ್ದನ್ನು, ನಿಧಾನಕ್ಕೆ ಹಿಡಿದು ಹೋಗುತ್ತೇನೆ.

ಯುಗಾದಿ ಖರೀದಿ ಹತ್ತಿರ ಬಂತು ಎಂದು ಈಗ ಬರೆಯುತ್ತಿದ್ದೇನೆ. ಅಂಗಡಿಯವರಿಗೆ ನಿಮ್ಮ ಪತ್ರಿಕೆಯ ಮೂಲಕ ಎರಡು ವಿನಂತಿ. ಡಬ್ಬ ತಂದವರಿಗೆ ಬೇಸರ ಮಾಡಿಕೊಳ್ಳದೆ ತೂಗಿಕೊಡಿ. ದೊಡ್ಡ ಅಂಗಡಿಯವರು ತರಕಾರಿಯನ್ನು ತಟ್ಟೆಯಲ್ಲಿಟ್ಟು ಅಂಟು ಹಾಳೆ ಸುತ್ತದೆ ಬಿಡಿಯಾಗಿ ಇಡಿ, ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಇಡುವುದಿಲ್ಲವೇ, ಹಾಗೆ. ಒಂದೇ ಒಂದು ಕ್ಯಾರೆಟ್ ಬೇಕು ಎಂದವನನ್ನು ವಿಚಿತ್ರವಾಗಿ ನೋಡಬೇಡಿ. ಅವನ ಮನೆಯಲ್ಲಿ ಒಬ್ಬನೇ ಇರಬಹುದು. ನಮ್ಮ ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಒಂಬತ್ತರಲ್ಲಿ ಈಗ ಇಬ್ಬರೇ ಇದ್ದಾರೆ, ಮೂರರಲ್ಲಿ ಒಬ್ಬರೇ. ಎಲ್ಲರ ಮಕ್ಕಳೂ ಹೊರಗೆ. ಆ ಮನೆಗಳ ಚೀಟಿ ಎಷ್ಟು ಜನರದ್ದೋ, ಕೇಳಲು ಸಂಕೋಚ.

ಕಳೆದ ವಾರ ನಾವಿಬ್ಬರೂ ಕೂತು ಹೊಸ ಚೀಟಿ ಬರೆದೆವು. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ನಾನು ಓದಿದೆ, ಅವಳು ಬರೆದಳು. ತೊಗರಿಬೇಳೆ ಮೂರರ ಜಾಗದಲ್ಲಿ ಒಂದು. ಸಕ್ಕರೆ ಒಂದು. ಚಿರೋಟಿ ರವೆ ಇಲ್ಲ, ಬೇಕಾದಾಗ ತಂದರಾಯಿತು. ತೆಳು ಅವಲಕ್ಕಿ ಎಂದೆ. ಅದು ಅಮ್ಮನದು. ಹಲ್ಲು ಹೋದ ಮೇಲೆ ಬೆಳಿಗ್ಗೆ ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ಹಾಲು ಜಾಸ್ತಿ ಹಾಕಿದೆ, ಕಮ್ಮಿ ಹಾಕಿದೆ ಎಂದು ಅತ್ತೆ ಸೊಸೆಗೆ ದಿನಾ ಜಗಳ. ನಮ್ಮಿಬ್ಬರಿಗೂ ಗಟ್ಟಿ ಅವಲಕ್ಕಿಯೇ ಆಗಬೇಕು, ತೆಳುವಿನದು ಮುಟ್ಟುವುದಿಲ್ಲ. ಬಿಡೋಣವೇ ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ. ‘ತೆಳು ಅವಲಕ್ಕಿ, ಕಾಲು ಕೆ.ಜಿ.’ ಎಂದು ಬರೆದು ಮುಂದಿನದು ಹೇಳಿ ಎಂದಳು. ಬೆಳಿಗ್ಗೆ ಹಿತ್ತಲ ಗೋಡೆಯ ಮೇಲೆ ಒಂದು ಹಿಡಿ ಹಾಕುತ್ತಾಳೆ, ಕಾಗೆ ಬರುತ್ತದೆ.

ಅದನ್ನು ನಾನು ಕಸದ ಲೆಕ್ಕದಲ್ಲಿ ಬರೆದಿಲ್ಲ. ಪಾಸ್ ಎಂದು ಬಿಟ್ಟಿದ್ದೇನೆ.

ಇಂತಿ ನಮಸ್ಕಾರಗಳು,
ಒಬ್ಬ ನಿವೃತ್ತ ಕಂಡಕ್ಟರ್,
ವಿದ್ಯಾರಣ್ಯಪುರಂ, ಮೈಸೂರು